ಅವ್ವ ಮೂಗು ಹಿಡಿದ ಹತ್ತು ನಿಮಿಷ

ಬ್ಯಾಡಗಿ
೧೨ ಫೆಬ್ರುವರಿ ೨೦೨೫

ಪ್ರೀತಿಯ ಮಹಾಂತೇಶ ಅವರಿಗೆ,

ನಿಮ್ಮ ನಿರ್ಮಲಾಳ ನಮಸ್ಕಾರ. ಆರೋಗ್ಯ ಹೇಗಿದೆ? ಸುರಂಗದ ಕೆಲಸದ ಧೂಳಿಗೆ ಕೆಮ್ಮು ಹೆಚ್ಚಾಗಿಲ್ಲ ತಾನೆ? ಭಾನುವಾರ ಫೋನಿನಲ್ಲಿ, ಲಡಾಖಿನ ಒಣ ಚಳಿಗೆ ಮೂಗಿನಿಂದ ರಕ್ತ ಬಂತು, ತಲೆ ಹಿಂದಕ್ಕೆ ಚೆಲ್ಲಿ ಮಲಗಿದೆ ಅಂದಿರಿ. ಹಾಗೆ ಮಲಗಬಾರದು ಎನ್ನುವಷ್ಟರಲ್ಲಿ ಎಂದಿನಂತೆ ನೆಟ್‌ವರ್ಕ್ ಹೋಯಿತು. ಅದಕ್ಕೇ ಈ ಪತ್ರ. ಹೋದ ವಾರ ನನಗೂ ಅದೇ ಆಗಿತ್ತು. ಅಷ್ಟು ದೂರದಲ್ಲಿ ಕುಳಿತು ಹೆದರುತ್ತೀರೆಂದು ಹೇಳಿರಲಿಲ್ಲ.

ನಾನು, ಪಕ್ಕದ ಮನೆಯ ಸಾಜಿಯಾ ಅಕ್ಕ ಪಡಸಾಲೆಯಲ್ಲಿ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದೆವು. ಈ ದಿನಗಳಲ್ಲಿ ನಮ್ಮೂರಿನ ಗಾಳಿಯೇ ಘಾಟು, ನಿಮಗೆ ಗೊತ್ತಲ್ಲ. ಜೋರಾಗಿ ಸೀನಿದೆ. ಮಡಿಲಲ್ಲಿ ಕೆಂಪು ಬಿದ್ದದ್ದನ್ನು ಕಾಯಿಯ ಚೂರೆಂದುಕೊಂಡೆ. ಆಮೇಲೆ ನೋಡಿದರೆ ರಕ್ತ, ಒಂದೇ ಸಮನೆ. ರೊಟ್ಟಿ ಬಡಿಯುತ್ತಿದ್ದ ನಿಮ್ಮ ಅವ್ವ ಹಿಟ್ಟಿನ ಕೈಯಲ್ಲೇ ಓಡಿಬಂದು, “ಮುಖಾ ಮ್ಯಾಲ ಮಾಡ, ಮ್ಯಾಲ ಮಾಡ!” ಎಂದು ನನ್ನನ್ನು ಅಂಗಾತ ಮಲಗಿಸಿ ನೆತ್ತಿಗೆ ತಣ್ಣೀರು ತಟ್ಟಿದರು. ರಕ್ತವೆಲ್ಲ ಗಂಟಲಿಗಿಳಿಯಿತು. ಉಸಿರು ಕಟ್ಟಿದಂತಾಗಿ ಎದ್ದು ವಾಂತಿ ಮಾಡಿದೆ. ಅದೂ ರಕ್ತವೇ. ಅವ್ವ ಅಳತೊಡಗಿದರು. ಇನ್ನು ನಿಮ್ಮನ್ನು ನೋಡುತ್ತೇನೋ ಇಲ್ಲವೋ ಅನ್ನಿಸಿತು ನನಗೆ.

ಸಾಜಿಯಾ ಅಕ್ಕನ ಮಗಳು ತಸ್ಲೀಮ್‌ಗೆ ಬೇಸಿಗೆಯಲ್ಲಿ ಆಗಾಗ ಹೀಗಾಗುತ್ತದೆ, ಹಾಗಾಗಿ ಅವರಿಗೆ ರೂಢಿ. “ಮಲಗಸಬ್ಯಾಡ್ರಿ ಅವ್ವಾರ. ಕುಂದ್ರಿಸಿ ಮುಂದ ಬಾಗಸ್ರಿ. ನಮ್ಮ ಕೈ ತುಂಬ ಖಾರ ಐತಿ, ನೀವ ಮೂಗ ಹಿಡೀರಿ” ಅಂದರು. “ಮೂಗ ಹಿಡದ ಕೊಲ್ಲಂತಿ ಏನ ಹುಡುಗೀನ?” ಎಂದು ಅವ್ವ ಸಿಡುಕಿದರು. “ಬಾಯಿಲೆ ಉಸರಾಡತಾಳ್ರಿ. ಎಲುವಿನ ಕೆಳಗ ಮೆತ್ತಗ ಐತೆಲ್ಲ, ಅಲ್ಲಿ ಎರಡೂ ಕಡೆ ಒತ್ತಿ ಹಿಡೀರಿ. ಹತ್ತ ನಿಮಿಷ ಬಿಟ್ಟ ನೋಡಬ್ಯಾಡ್ರಿ. ನಿರ್ಮಲಾ, ಬಾಯಾಗ ಬಂದದ್ದ ಉಗಳವಾ, ನುಂಗಬ್ಯಾಡ.”

ಅವ್ವ ಸೆರಗಿಗೆ ಕೈ ಒರೆಸಿಕೊಂಡು ಹಿಡಿದರು. ಮೊದಲು ಮೆಲ್ಲಗೆ ಹಿಡಿದ ಬೆರಳು ಬರಬರುತ್ತ ಗಟ್ಟಿಯಾದವು. ಮದುವೆಯಾದಾಗಿನಿಂದ ನಾವಿಬ್ಬರೂ ಅಷ್ಟು ಹತ್ತಿರ ಕುಳಿತದ್ದೇ ಇಲ್ಲ. ಒಂದೇ ಒಲೆಯ ಮುಂದೆ ಇಷ್ಟು ವರ್ಷ ಕಳೆದರೂ ಬೇಕಾದಷ್ಟೇ ಮಾತು, ಬೇಕಾದಷ್ಟೇ ನೋಟ. ಅಂದು ಅವರು ಬೇರೆಲ್ಲೂ ನೋಡುವಂತಿರಲಿಲ್ಲ. ನನ್ನ ಮುಖವನ್ನೇ ನೋಡುತ್ತ, “ಎಷ್ಟ ಸೊರಗೀದಿಯವಾ. ನಾ ನೋಡೇ ಇಲ್ಲ” ಅಂದರು. ನನ್ನ ಕಣ್ಣಲ್ಲಿ ನೀರು ಬಂತು. ನೋವಾಯಿತೆಂದು ತಿಳಿದರೋ ಏನೋ, ಇನ್ನೊಂದು ಕೈಯಿಂದ ಬೆನ್ನು ಸವರಿದರು. ಕೈ ಬಿಟ್ಟಾಗ ರಕ್ತ ನಿಂತಿತ್ತು.

ಮರುದಿನ ಅವರೇ ಹಾವೇರಿಯ ಡಾಕ್ಟರ ಹತ್ತಿರ ಕರೆದೊಯ್ದರು. ಬಿಪಿ ಸರಿಯಿದೆ. ನೀವೂ ಹೀಗೇ ಮಾಡಿ: ಕುಳಿತು ಮುಂದೆ ಬಾಗಿ ಒತ್ತಿ ಹಿಡಿಯಿರಿ. ನಿಂತ ಮೇಲೆ ಆ ದಿನ ಮೂಗು ಸೀಟಬೇಡಿ, ಬೆರಳು ಹಾಕಬೇಡಿ, ಭಾರ ಎತ್ತಬೇಡಿ. ಅರ್ಧ ಗಂಟೆಯಾದರೂ ನಿಲ್ಲದಿದ್ದರೆ, ಇಲ್ಲವೇ ತಲೆಗೆ ಪೆಟ್ಟು ಬಿದ್ದು ಬಂದಿದ್ದರೆ, ದಮ್ಮಯ್ಯ, ಕ್ಯಾಂಪಿನಲ್ಲೇ ಕುಳಿತಿರದೆ ಆಸ್ಪತ್ರೆಗೆ ಹೋಗಿ. ಜೊತೆಯವರಿಗೂ ತೋರಿಸಿಕೊಡಿ, ಬೇಕಾದಾಗ ಅವರೇ ಹಿಡಿದಾರು.

ಅವ್ವನ ಆಶೀರ್ವಾದ ಈ ಹಾಳೆಯ ಜೊತೆಗೇ ಬರುತ್ತಿದೆ. ಸಾಜಿಯಾ ಅಕ್ಕ ಸಲಾಮ್ ತಿಳಿಸಿದ್ದಾರೆ. ಬೆಚ್ಚಗಿರಿ.

ನಿಮ್ಮ ದಾರಿ ಕಾಯುವ
ನಿರ್ಮಲಾ

ತಾ.ಕ.: ಲಕೋಟೆ ಅಂಟಿಸಲು ಅವ್ವ ಬಿಡುತ್ತಿಲ್ಲ. ಡಾಕ್ಟರು ಅಂದು ಇನ್ನೊಂದು ಪರೀಕ್ಷೆಯನ್ನೂ ಮಾಡಿಸಿದರು. ದೀಪಾವಳಿಗೆ ನೀವು ಬಂದು ಹೋದಿರಲ್ಲ, ನನಗೀಗ ಮೂರು ತಿಂಗಳು. ಬಸುರಿಯರಿಗೆ ಹೀಗೆ ರಕ್ತ ಬರುವುದುಂಟಂತೆ, ಕೂಸು ಚೆನ್ನಾಗಿದೆಯಂತೆ. ಹೋದ ಸಲ ಕಳೆದುಕೊಂಡದ್ದನ್ನು ನೆನೆದು, ಇನ್ನಷ್ಟು ದಿನ ಹೇಳುವುದು ಬೇಡವೆಂದುಕೊಂಡಿದ್ದೆ. ಅವ್ವ ಪಕ್ಕದಲ್ಲೇ ಕುಳಿತು ಹೇಳುತ್ತಿದ್ದಾರೆ: “ಬರಿಯವಾ, ಮಾಂತೇಶಗ ಬರಿ. ಅಂಜಬ್ಯಾಡ. ಈ ಸಲ ನಾ ನಿನ್ನ ಜೋಡಿ ಅದೀನಿ.”