ವಾರಿಜಕ್ಕನ ಮನೆಯ ರೇಟು

ಆಲಂಕಾರು,
ಭಾನುವಾರ

ಪ್ರೀತಿಯ ಲತೀಶಣ್ಣ,

ನಿಮ್ಮ ಒಂದೊಂದು ಸ್ಮ್ಯಾಶಿಗೂ ಗಂಟಲು ಹರಿಯುವ ಹಾಗೆ ಬೊಬ್ಬೆ ಹಾಕುವ ಸುಪ್ರಿತಾ ನಾನು. ನಿಮ್ಮ ಫ್ಯಾನ್ಸ್ ಗ್ರೂಪಿನ ಅಡ್ಮಿನ್ನೂ ನಾನೇ. ಇದನ್ನು ಗ್ರೂಪಲ್ಲಿ ಹಾಕಿದ್ರೆ ನೋಡಬಾರದವರು ನೋಡ್ತಾರೆ, ಅದಕ್ಕೆ ಕಾಗದ.

ಮೊಣಗಂಟಿನ ಆಪರೇಶನ್ನಿಗೆ ನೀವು ಮನೆ ಮಾರುದು ಗೊತ್ತಾಯ್ತು. ಆದ್ರೆ ತಕ್ಕೊಳ್ಳುವವರು ಈಗ ಹೇಳಿದ ರೇಟಿಗೆ ಒಪ್ಬೇಡಿ ಮಾರಾಯ್ರೆ! ನಮ್ಮಲ್ಲಿ ಈಚೆಗೆ ಮಾರಾಟ ಆದದ್ದು ವಾರಿಜಕ್ಕನ ಮನೆ ಒಂದೇ. ಅದನ್ನೇ ತೋರಿಸಿ "ಇಲ್ಲಿ ರೇಟೇ ಇಷ್ಟು" ಅಂತ ನಿಮಗೆ ಹೇಳಿದ್ದಲ್ವಾ? ಆ ಅಂಗಳದಲ್ಲಿ ದೈವದ ಕಲ್ಲು ಉಂಟು. ವರ್ಷ ವರ್ಷ ತಂಬಿಲದ ಸೇವೆ ನಡೆಸ್ತೇನೆ ಅಂತ ಮಾತು ಕೊಟ್ಟವರಿಗೇ ಕೊಡುದು ಅಂತ ವಾರಿಜಕ್ಕ ರೇಟು ಇಳಿಸಿದ್ದು. ನಾನೇ ಹೋಗಿ ಕೇಳಿದೆ. "ದೈವ ನೋಡಿಕೊಳ್ಳುವವರ ಹತ್ರ ಚೌಕಾಶಿ ಎಂತದ್ದು ಮಾರಾಯ್ತಿ?" ಅಂದ್ರು.

ನಿಮ್ಮ ಅಂಗಳದಲ್ಲಿ ಇರುದು ವಾಲಿಬಾಲ್ ಕಂಬ ಮಾತ್ರ. ಆ ರೇಟು ನಿಮಗೆ ಹೇಗೆ ಆಗ್ತದೆ? ಬೇಸಿಗೆಯಲ್ಲೂ ಬತ್ತದ ಬಾವಿ, ಗೇಟಿನವರೆಗೆ ಬಸ್ಸು, ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ನಾಡಿದ್ದು ಅಗ್ರಿಮೆಂಟಿಗೆ ಬರುವವರಿಗೆ ಇದನ್ನೇ ಹೇಳಿ. ಸ್ವಲ್ಪ ಗೊಣಗ್ತಾರೆ, ಮತ್ತೆ ಒಪ್ತಾರೆ. ಆ ಮನೆ ಅವರಿಗೆ ಬೇಕೇ ಬೇಕು. ನನಗೆ ಗೊತ್ತಿಲ್ವಾ, ಅವರು ನನ್ನ ಅಪ್ಪ. ನಾನು ಬರೆದದ್ದು ಅಂತ ಮಾತ್ರ ಹೇಳ್ಬೇಡಿ.

ಹೋಗುವಾಗ ಆ ಕಂಬ ಕೀಳ್ಬೇಡಿ. ಕಾಲು ಸರಿಯಾದ ಮೇಲೆ ನಿಮಗೆ ಬೇಕಾಗ್ತದೆ. ಅದಕ್ಕೆ ನೆಟ್ ನಾನು ಕಟ್ಟಿಡ್ತೇನೆ.

ನಿಮ್ಮ ಕಟ್ಟಾ ಫ್ಯಾನು, ಇನ್ನು ನಿಮ್ಮ ಮನೆಯಲ್ಲೇ ಇರುವವಳು,
ಸುಪ್ರಿತಾ