ಹೆಸರು ಕೆತ್ತಿದ ತಡೆಗೋಡೆ

ಬೆಳ್ಕೋಡಿ, ಇಸವಿ ಎರಡು ಸಾವಿರದ ನೂರ ಹನ್ನೊಂದು, ಎರಡನೇ ಮಳೆಗಾಲದ ಒಂಬತ್ತನೇ ದಿನ

ಎಂಬತ್ತೈದು ವರ್ಷ ಹಿಂದೆ ಇರುವ ಹಿರಿಯರಿಗೆ ಬಾಗಿ ಮೆಂಡನ್ ಮಾಡುವ ನಮಸ್ಕಾರ.

ವರ್ಷಕ್ಕೆ ಎರಡು ಮಳೆಗಾಲವೇ ಎಂದು ತಾರೀಕು ನೋಡಿಯೇ ಹುಬ್ಬೇರಿಸುತ್ತೀರಿ. ಹೌದು, ಎರಡು. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಬಹುದು, ಅದಕ್ಕೆ ಕ್ಷಮೆಯಿರಲಿ. ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟು ಮೀನು ಮಾರಿ ಬದುಕಿದವಳು. ಬರವಣಿಗೆ ಒರಟು, ಸಿಟ್ಟು ಮೂಗಿನ ತುದಿಯಲ್ಲೇ. ಅದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಮ್ಮಲ್ಲಿ ಬೇಸಿಗೆಗೆ ಮುಚ್ಚುದಿನಗಳಿವೆ. ಬೆಳಿಗ್ಗೆ ಎಂಟಕ್ಕೆ ಸೈರನ್ ಕೂಗಿತೆಂದರೆ ಸಂಜೆಯವರೆಗೆ ಯಾರೂ ಬಿಸಿಲಿಗೆ ಇಳಿಯುವಂತಿಲ್ಲ. ಊರವರೆಲ್ಲ ನೆರಳುಮನೆಗೆ, ಅಂದರೆ ದಪ್ಪ ಗೋಡೆಯ ತಂಪು ಹಾಲಿಗೆ, ಚಾಪೆ ಹೊತ್ತುಕೊಂಡು ಹೋಗುತ್ತೇವೆ. ಕೆಲವರು ಬಲೆ ಹೊಲಿಯುತ್ತಾರೆ, ಕೆಲವರು ಇಸ್ಪೀಟು ಆಡುತ್ತಾರೆ, ಎಲ್ಲರೂ ಸೇರಿ ನಿಮ್ಮನ್ನು ಬೈಯುತ್ತಾರೆ. ಹವೆ ಕೆಡುವುದು ಗೊತ್ತಿದ್ದೂ ತೆರಿಗೆ ಕೊಡಲು ಒಪ್ಪದವರು ಎಂದು ಮಕ್ಕಳಿಗೂ ನಿಮ್ಮ ಗುರುತು. ದೈವದ ಚಾವಡಿಯಲ್ಲಿ ನಿಮ್ಮ ಕಾಲದ ಒಂದು ಫ್ಯಾನ್ ಇನ್ನೂ ತೂಗುತ್ತಿದೆ, ಮೂರು ರೆಕ್ಕೆಗೂ ದಾನಿಯ ಹೆಸರು. "ತಿರುಗಿದ್ರೆ ಹೆಸರು ಕಾಣುದಿಲ್ಲ ಅಂತ ಫ್ಯಾನ್ ನಿಲ್ಲಿಸಿ ಬೆವರ್ತಾ ಕೂತಿದ್ರಂತೆ ಮಾರಾಯ್ರೆ, ಇವರು ತೆರಿಗೆ ಕೊಡ್ತಾರಾ?" ಎಂದು ನಾನೇ ಎಲ್ಲರನ್ನೂ ನಗಿಸುತ್ತಿದ್ದೆ. ಬೈಯುವುದರಲ್ಲಿ ನನ್ನ ಬಾಯಿಯೇ ಮುಂದೆ.

ಹನ್ನೆರಡು ವರ್ಷದ ಹಿಂದೆ ನಮ್ಮ ಸರದಿ ಬಂತು. ಅಲೆ ಕಂದಾಯ ಎಂದು ಪ್ರತಿ ಮನೆಗೂ ಹೊಸ ತೆರಿಗೆ. ಹೊಳೆ ಕಡಲು ಸೇರುವ ಅಳಿವೆಯಲ್ಲಿ ಒಡ್ಡು ಕಟ್ಟಿ, ಅಲೆ ತಡೆಯಲು ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡ ನೆಡುವುದಕ್ಕೆ. ತಿಳಿಸಿ ಹೇಳಲು ಸರಕಾರದ ಕಡೆಯಿಂದ ಒಬ್ಬ ಹೆಣ್ಣುಮಗಳು ನಕ್ಷೆ ಹಿಡಿದು ಸಭೆಗೆ ಬಂದಿದ್ದಳು. ನಾನು ಎದ್ದು ನಿಂತು ಕೇಳಿದೆ: "ಹ್ವಾಯ್ ಮಗಾ, ಕಂದಾಯ ಕೊಟ್ರೆ ಅಲ್ಲಿ ನನ್ನ ಹೆಸರು ಬರೀತೀರಾ? ಹೆಸರಿಲ್ಲದ ದುಡ್ಡು ಕಳ್ಳರಿಗಾಯ್ತು." ಸಭೆ ಬಿದ್ದು ಬಿದ್ದು ನಕ್ಕಿತು. ಅವಳು ನಕ್ಷೆ ಸುತ್ತಿಕೊಂಡು ಹೋದಳು.

ನಾವು ಕೊಡದ ಜನ ಅಲ್ಲ. ದೈವಕ್ಕೆ, ಯಕ್ಷಗಾನದ ಆಟಕ್ಕೆ, ಅಂತ್ಯಸಂಸ್ಕಾರಕ್ಕೆ ಕೈ ಬಿಚ್ಚಿ ಕೊಡುತ್ತೇವೆ. ಕಂದಾಯ ಬೇಡ, ವಂತಿಗೆ ಎತ್ತಿ ಕಡಲಿಗೆ ತಡೆಗೋಡೆ ನಾವೇ ಕಟ್ಟುವುದೆಂದಾಯಿತು. ಮನೆಗೊಂದು ಕಲ್ಲು, ಕಲ್ಲಿಗೊಂದು ಹೆಸರು. ಅಳಿವೆಯ ಬದಿಯಲ್ಲಿ ಮನೆಯಿದ್ದ ನನ್ನ ಅಕ್ಕ ಪದ್ದು ಕೈ ಹಿಡಿದು ಹೇಳಿದಳು: "ಬಾಗಿ, ನೀರು ನುಗ್ಗುದು ನಮ್ಮ ಬದಿಯಿಂದ. ಮೊದಲ ಕಲ್ಲು ಅಲ್ಲಿ ಹಾಕ್ಲಿ." ಕಾಗೆಯೂ ಹೋಗದ ಜಾಗ ಅದು. ಅಲ್ಲಿ ನನ್ನ ಹೆಸರು ಓದುವವರು ಯಾರು? "ನಿಮ್ಮ ಏಡಿ ಓದ್ತವಾ?" ಎಂದೆ. ಅಕ್ಕನೂ ನಕ್ಕಳು, ಪಾಪ. ಗೋಡೆ ಮೀನು ಮಾರ್ಕೆಟ್ಟಿನ ಎದುರು ಎದ್ದಿತು, ಹೆಸರುಗಳೆಲ್ಲ ರಸ್ತೆಯ ಕಡೆಗೆ.

ಮೂರನೇ ವರ್ಷ ಕಡಲು ಅಳಿವೆಯಿಂದಲೇ ಬಂತು, ನಮ್ಮ ಬೆನ್ನ ಹಿಂದಿನಿಂದ. ಬಂದ ನೀರು ವಾಪಸು ಹೋಗಲು ನಮ್ಮ ಗೋಡೆಯೇ ಅಡ್ಡ. ಮೂರು ದಿನ ಊರು ಬೋಗುಣಿಯಂತೆ ತುಂಬಿ ನಿಂತಿತು. ಅಕ್ಕನನ್ನು ದೋಣಿಗೆ ಎಳೆದುಕೊಂಡೆವು. ಭಾವನನ್ನು ಆಗಲಿಲ್ಲ. ನಡೆಯಲು ಬಾರದ ಮನುಷ್ಯ, ಮಂಚದ ಮೇಲೆಯೇ ಇದ್ದರು.

ಅಕ್ಕ ಈಗ ನನ್ನ ಮನೆಯಲ್ಲಿದ್ದಾಳೆ. ಒಂದು ದಿನವೂ ನನ್ನನ್ನು ದೂರಿಲ್ಲ. ಹೊಡೆದಿದ್ದರೆ ತಾಳಿಕೊಳ್ಳುತ್ತಿದ್ದೆ. ಒಮ್ಮೆ ಮಾತ್ರ ಗೋಡೆಯ ಹತ್ತಿರ ನಿಂತು ನನ್ನ ಹೆಸರಿನ ಮೇಲೆ ಕೈಯಾಡಿಸಿ, "ಚಂದ ಕೆತ್ತಿದ್ದಾನೆ ಬಾಗಿ" ಎಂದಳು. ಮರುದಿನ ಉಳಿ ಸುತ್ತಿಗೆ ಹಿಡಿದು ಹೋದೆ. ಆಳವಾಗಿ ಕೆತ್ತು ಎಂದು ಕಲ್ಲುಕುಟಿಗನಿಗೆ ಹೇಳಿದ್ದವಳು ನಾನೇ. ಒಂದು ಅಕ್ಷರವೂ ಹೋಗಲಿಲ್ಲ. ಮಕ್ಕಳು ಈಗಲೂ ಅದನ್ನು ಗಟ್ಟಿಯಾಗಿ ಓದುತ್ತಾ ಶಾಲೆಗೆ ಹೋಗುತ್ತವೆ.

ನಾಳೆ ಮತ್ತೆ ಸಭೆ, ಮತ್ತೆ ಅದೇ ಕಂದಾಯ, ಅದೇ ಅಳಿವೆ. "ಬಾಗಕ್ಕ, ಮೊದಲಿನ ಹಾಗೇ ನಗಿಸುವ ಮಾತೊಂದು ಬಿಡಿ" ಎಂದು ನಾಲ್ಕು ಮಂದಿ ಹೇಳಿ ಹೋಗಿದ್ದಾರೆ. ಅಕ್ಕ ಮುಂದಿನ ಸಾಲಿನಲ್ಲಿ ಕೂರುತ್ತಾಳೆ. ಕೊಡಿ ಎಂದು ನಾನು ಹೇಳಬೇಕು, ಯಾಕೆ ಎಂದೂ ಹೇಳಬೇಕು, ಭಾವನ ಹೆಸರು ಎತ್ತಬೇಕು. ಇಷ್ಟು ವರ್ಷದಲ್ಲಿ ಈ ಬಾಯಿ ಹೆದರಿದ್ದು ಇದೇ ಮೊದಲು. ಇಲ್ಲಿಯವರಿಗೆ ಹೇಳುವ ಮೊದಲು ನಿಮಗೆ ಹೇಳಿ ನೋಡುತ್ತಿದ್ದೇನೆ.

ನಿಮ್ಮನ್ನು ಬೈಯುವ ಯೋಗ್ಯತೆ ನನಗಿಲ್ಲ, ಇನ್ನು ಬೈಯುವುದಿಲ್ಲ. ಒಂದು ಕೇಳಿಕೊಳ್ಳುತ್ತೇನೆ. ನಿಮ್ಮ ಊರಿಗೂ ಯಾರೋ ನಕ್ಷೆ ಹಿಡಿದುಕೊಂಡು ಬರುತ್ತಾರೆ. ಆಗ ನನ್ನಂಥವಳೊಬ್ಬಳು ಎದ್ದು ನಿಂತು ಒಂದು ಮಾತು ಬಿಡುತ್ತಾಳೆ. ಮಾತು ಚೆನ್ನಾಗಿಯೇ ಇರುತ್ತದೆ.

ನೀವು ನಗಬೇಡಿ.