ಬೇಕಂತಲೇ ತಪ್ಪಿ ಹೆಣೆದ ಕಾಲುಚೀಲ

ಜೂನ್ 4, ಬೆಳಗ್ಗೆ

ಕಾಫಿ ಆಯ್ತು. ಇವಳ ಮಾತ್ರೆ ಆಯ್ತು. ಬಲಗೈಗೆ ಎಣ್ಣೆ ತಿಕ್ಕಿದ್ದೂ ಆಯ್ತು. ಕೈ ಎಂದಿನಂತೆ ಮಡಿಲಲ್ಲಿ ಮಲಗಿದೆ, ಯಾರದೋ ಕೈ ತಂದಿಟ್ಟ ಹಾಗೆ. ಸ್ಟ್ರೋಕ್ ಆಗಿ ಮೂರು ತಿಂಗಳು. ಮಾತು ವಾಪಸ್ ಬಂತು, ಕಾಲು ಅರ್ಧ ಬಂತು. ಕೈ ಬಂದಿಲ್ಲ. ಮದುವೆಗೂ ಮುಂಚಿನಿಂದ ಕೊಕ್ಕೆಕಡ್ಡಿ ಹಿಡಿದು ಉಲ್ಲನ್ನಿನಲ್ಲಿ ಕ್ರೋಶಾ ಹಾಕಿದ ಕೈ ಅದು. ಲೋಕದಲ್ಲಿ ಜನ ಜನಕ್ಕೆ ಕೈ ಕೊಡ್ತಾರೆ. ಇವಳಿಗೆ ಕೈಯೇ ಕೈ ಕೊಟ್ಟಿದೆ.

ನಿನ್ನೆ ಡಾಕ್ಟರು ನನ್ನನ್ನೂ ಮಗಳನ್ನೂ ಕಾರಿಡಾರಿಗೆ ಕರೆದರು. "ಬಲಗೈ ಬಗ್ಗೆ ಜಾಸ್ತಿ ಆಸೆ ಇಟ್ಕೋಬೇಡಿ ಯಜಮಾನ್ರೇ. ಎಡಗೈ ಅಭ್ಯಾಸ ಮಾಡ್ಸಿ."

"ಆಸೆ ಇಟ್ಕೊಳ್ಳೋಕೂ ನಿಮ್ಮ ಚೀಟಿ ಬೇಕಾ ಡಾಕ್ಟ್ರೇ?"

ಮಗಳು ಹಿಂದಿನಿಂದ ನನ್ನ ಶರ್ಟು ಜಗ್ಗಿದಳು.

ಇವತ್ತು ಲ್ಯಾಬಿಗೆ ಕೆಲಸಕ್ಕೆ ಹೊರಡುವಾಗ ಅವಳದೇ ಇನ್ನೊಂದು ವರಾತ. "ಅಪ್ಪ, ಅಮ್ಮನ ಉಲ್ಲನ್ ಚೀಲ ಹೊಲಿಗೆ ಕ್ಲಾಸಿನ ಮೇಡಂಗೆ ಕೊಟ್ಬಿಡ್ತೀನಿ. ದಿನಾ ಅದನ್ನೇ ನೋಡ್ತಾ ಕೊರಗ್ತಾಳೆ."

"ಕೊಡಮ್ಮ," ಅಂದೆ. ಬಹಳ ಒಳ್ಳೆಯ ಅಪ್ಪನ ಹಾಗೆ.

ಜೂನ್ 4, ಸಂಜೆ

ಉಲ್ಲನ್ ಉಂಡೆಗಳೆಲ್ಲ ನನ್ನ ದಿಂಬಿನ ಕವರಿನೊಳಗೆ. ಕ್ರೋಶಾ ಕಡ್ಡಿಗಳು ಮಡಚಿದ ಕೊಡೆಯೊಳಗೆ. ಚೀಲದ ತುಂಬ ನನ್ನ ಹಳೇ ಬನಿಯನ್ನು. ಮೇಲೊಂದು ನೀಲಿ ಉಂಡೆ, ಮರ್ಯಾದೆಗೆ. ಮಗಳು ಮೂಸಿಯೂ ನೋಡದೆ ಎತ್ತಿಕೊಂಡು ಹೋದಳು. ಮೂಸಿದ್ದರೆ ಗೊತ್ತಾಗುತ್ತಿತ್ತು.

ಜೂನ್ 6

ಕ್ಲಾಸಿನ ಮೇಡಂ ಫೋನು ಬಂತು. ಮಗಳ ಮುಖ ಮೆಣಸಿನಕಾಯಿ.

"ಅಪ್ಪಾ! ಬನಿಯನ್ನು! ಅದೂ ತೂತು ಬನಿಯನ್ನು! ಕ್ಲಾಸಿನೋರ ಮುಂದೆಲ್ಲ ತೆಗೆದು ಹರಡಿದಾರಂತೆ!"

"ತೂತಿತ್ತು ಅಂತಾನೇ ಕೊಟ್ಟೆ. ಕ್ರೋಶಾ ಅಂದ್ರೆ ಏನು? ತೂತುಗಳಿಗೆ ದಾರದಲ್ಲಿ ಬೇಲಿ ಹಾಕೋದು. ಅರ್ಧ ಕೆಲಸ ನಾನೇ ಮುಗಿಸಿಕೊಟ್ಟಿದೀನಿ."

ಮಂಚದ ಕಡೆಯಿಂದ ಒಂದು ಸದ್ದು. ಇವಳು ಮೂಗಿನಲ್ಲೇ ನಕ್ಕಳು! ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ.

ಆ ಗುಂಗಿನಲ್ಲೇ ಘೋಷಿಸಿಬಿಟ್ಟೆ. ಅಂಗಡಿಯ ಯಾವ ಸಾಕ್ಸೂ ಇವಳ ಊದಿದ ಬಲಗಾಲಿಗೆ ಹತ್ತಲ್ಲ. ಇನ್ನು ಮೇಲೆ ಈ ಮನೆಯಲ್ಲಿ ಕ್ರೋಶಾ ನಾನು ಹಾಕ್ತೀನಿ.

"ನಿಮಗೆ ಬಟನ್ ಹೊಲಿಯೋಕೂ ಬರಲ್ಲ," ಮಗಳು.

"ಬಸ್ಸಲ್ಲಿ ನಿಂತು ಜೀವಮಾನ ಪೂರ್ತಿ ಟಿಕೆಟ್ಟಿಗೆ ತೂತು ಹೊಡೆದ ಕಂಡಕ್ಟರ್ ಕಣೇ ನಾನು. ತೂತಿನ ವಿಷಯ ನನಗೆ ಹೇಳಬೇಡ."

ಜೂನ್ 9

ಗುರುಗಳು ಮಂಚದ ಮೇಲೆ. ಶಿಷ್ಯ ಸ್ಟೂಲಿನ ಮೇಲೆ. ಬಾಯಿಪಾಠ.

"ಬೆರಳಿನ ತುದಿಯಿಂದ ಶುರು ಮಾಡ್ರೀ. ಮೇಲಕ್ಕೆ ಬರ್ತಾ ಬರ್ತಾ ಕಾಲಿಗೆ ಹಾಕಿ ನೋಡಬಹುದು. ಕುಣಿಕೆಗೆ ಕುಣಿಕೆ ಸೇರಿಸಿ ಚೈನ್ ಹಾಕಿ. ಆ ಚೈನಿನ ಎರಡೂ ಕಡೆ ಸಿಂಗಲ್ ಕ್ರೋಶಾ, ಗಿಡ್ಡ ಹೊಲಿಗೆ… ಎರಡೂ ಕಡೆ ಅಂದೆ! ಕುತ್ತಿಗೆಗೆ ಹಾಕ್ಕೊಳ್ಳೋ ಚೈನಲ್ಲ!"

ಕೈ ಹೋದರೂ ನಾಲಿಗೆ ಹಾಗೇ ಇದೆ. ದೇವರಿಗೂ ಹೆದರಿಕೆ.

ಸಂಜೆಗೆ ಪಾದದ ಅರ್ಧ ಆಯ್ತು. ನಾನು ಕಡ್ಡಿ ಹಿಡಿಯುವುದು ಡಬಲ್ ಬೆಲ್ ಹೊಡೆಯುವ ಹಗ್ಗ ಹಿಡಿದ ಹಾಗೆ, ಬಿಗಿಯಾಗಿ. ಸಾಕ್ಸು ನೆಲಕ್ಕೆ ಬಿದ್ದರೆ ಟಕ್ ಅನ್ನುತ್ತೆ.

ಆಗಲೇ ಅದು ಆದದ್ದು. ಮಾತಾಡುತ್ತ ಒಂದು ಹೊಲಿಗೆ ಬಿಟ್ಟುಬಿಟ್ಟೆ. ನನಗೆ ಗೊತ್ತೇ ಆಗಲಿಲ್ಲ. ಇವಳಿಗೆ ಕಂಡಿತು. ಬೈಯುವುದಕ್ಕೂ ಮುಂಚೆ ಮಡಿಲಲ್ಲಿದ್ದ ಬಲಗೈಯ ಎರಡು ಬೆರಳು ಮುಂದೆ ಬಂದವು. ಆ ಬಿಟ್ಟ ಹೊಲಿಗೆ ಹಿಡಿಯೋಕೆ. ಒಂದಿಷ್ಟೇ. ಮತ್ತೆ ಮಲಗಿದವು.

ಅವಳು ನೋಡಲಿಲ್ಲ. ನಾನು ನೋಡಿದೆ.

ಜೂನ್ 10

ಫಿಸಿಯೋ ಮೇಡಂಗೆ ಹೇಳಿದೆ. ಆಕೆ ದಿನಾ ಒಂದು ರಬ್ಬರ್ ಚೆಂಡು ಕೊಟ್ಟು ಹಿಸುಕಿ, ಹಿಸುಕಿ ಅಂತಾಳೆ. ಚೆಂಡು ಆರಾಮಾಗಿ ಅಂಗೈಯಲ್ಲಿ ಕೂತಿರುತ್ತೆ.

"ಅಪ್ಪಿತಪ್ಪಿ ಆಡಿರುತ್ತೆ ಅಂಕಲ್. ಅದನ್ನ ಲೆಕ್ಕಕ್ಕೆ ತಗೋಬಾರದು."

ಸರಿ ತಾಯಿ. ಅಪ್ಪಿದರೆ ಆಡಲ್ಲ, ಅದು ನನಗೆ ಗೊತ್ತು. ತಪ್ಪಿದರೆ ಆಡುತ್ತೆ. ಹಾಗಾದರೆ ತಪ್ಪೋಣ.

ಜೂನ್ 14

ತಪ್ಪಲೂ ವಿದ್ಯೆ ಬೇಕು. ಸರಿಯಾದ್ದು ಕಲಿಯದೆ ಚೆನ್ನಾಗಿ ತಪ್ಪೋಕಾಗಲ್ಲ. ಮಗಳ ಫೋನಿನಲ್ಲಿ ವಿಡಿಯೋ ನೋಡಿ ಕಲಿತೆ, ಆಮೇಲೆ ಕೆಡಿಸಿದೆ.

ಮೊದಲನೇದು: ಹಿಮ್ಮಡಿ ಮುಂದಕ್ಕೆ. ಪಾದದ ಮೇಲ್ಗಡೆ ಒಂದು ಗೂನು.

"ಇದೇನ್ರೀ?"

"ಹಿಂದೆ ಇದ್ರೆ ತಾನೆ ಹಿಮ್ಮಡಿ? ಇದು ಮುಮ್ಮಡಿ. ಇನ್ನೊಂದು ಮಡಿ ಸೇರಿಸಿದ್ರೆ ನಾಲ್ಮಡಿ."

ಬೆರಳು ಆಡಿದವು.

ಎರಡನೇದು: ಬೆರಳ ಕಡೆಯೂ ಮುಚ್ಚಿದ್ದು, ಬಾಯಿ ಕಡೆಯೂ ಮುಚ್ಚಿದ್ದು. ಕಾಲು ಹಾಕೋಕೆ ಜಾಗ ಇಲ್ಲ. ಇವಳು ತಿರುಗಿಸಿ ತಿರುಗಿಸಿ ಹುಡುಕಿದಳು. ಎಡಗೈ ಒಂದರಿಂದ ಆಗಲ್ಲವಲ್ಲ, ಬಲಗೈ ಬಂದು ಒಂದು ಅಂಚು ಅದುಮಿ ಹಿಡಿಯಿತು! ಹಿಡಿಯಿತು!

ನಾನು ಕಿಟಕಿ ಕಡೆ ನೋಡ್ತಾ ಸಿಳ್ಳೆ ಹಾಕಿದೆ. ಹೇಳಿದರೆ ನಿಂತುಬಿಡುತ್ತೆ ಅಂತ ಭಯ.

ಜೂನ್ 22

ಪಾರ್ಕಿನ ಬೆಂಚು. ರಿಟೈರ್ಡ್ ಪೋಸ್ಟ್‌ಮಾಸ್ಟರ್ ಕಾದು ಕೂತಿದ್ದ.

"ಏನಯ್ಯಾ, ಈ ವಯಸ್ಸಿನಲ್ಲಿ ಕೊಕ್ಕೆ ಹಿಡಿದೆಯಂತೆ?"

"ಇಷ್ಟು ದಿನ ಎಲ್ಲರ ಮಾತಿಗೂ ಬಾಯಲ್ಲಿ ಹಾಕ್ತಿದ್ದೆ. ಈಗ ಕೈಯಲ್ಲಿ ಹಾಕ್ತೀನಿ."

"ಗಂಡಸರು ಮಾಡೋ ಕೆಲಸವೇನಯ್ಯ?"

ಜೇಬಿನಿಂದ ಅರ್ಧ ಸಾಕ್ಸು ತೆಗೆದೆ. ಬೆಂಚಿನ ಮಧ್ಯೆ ಕೂತು ಅವನ ಮುಂದೆಯೇ ಒಂದು ಸುತ್ತು ಹಾಕಿದೆ. ಓಡಾಡೋರೆಲ್ಲ ನೋಡಲಿ ಅಂತ ಇನ್ನೊಂದು ಸುತ್ತು.

ಜುಲೈ 2

ಕೆಟ್ಟ ದಿನ.

ಮಗಳೂ ಫಿಸಿಯೋ ಮೇಡಮ್ಮೂ ಸೇರಿ ಇವಳ ಎಡಗೈಗೆ ಕಡ್ಡಿ ಕೊಟ್ಟರು. ಒಳ್ಳೇದಕ್ಕೇ. ನಾನು ಬೇಡ ಅಂದೆ, ಯಾರೂ ಕೇಳಲಿಲ್ಲ. ಬಲಗೈ ಕೆಳಗೆ ದಿಂಬಿಟ್ಟು ದಾರ ಅದಕ್ಕೆ ಸುತ್ತಿದರು. ಇವಳು ಎಡಗೈಯಲ್ಲಿ ಒಂದು ಸಾಲು ಹಾಕಿದಳು. ಹಾಕಿದಳು! ಮಗಳು ಚಪ್ಪಾಳೆ ತಟ್ಟಿದಳು.

ಇವಳು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು.

"ಇಲ್ಲಿ ನೋಡಿ. ನಾನು ಬಲಗೈಲಿ ಹಾಕಿದ್ರೆ ಪ್ರತಿ ಹೊಲಿಗೆಯ ತಲೆ ಬಲಕ್ಕೆ ವಾಲ್ತಿತ್ತು. ಇವೆಲ್ಲ ಎಡಕ್ಕೆ ವಾಲಿವೆ. ಕನ್ನಡಿಯಲ್ಲಿ ನೋಡಿದ ಹಾಗೆ. ಇದು ನನ್ನ ಕೆಲಸ ಅಲ್ಲ. ಇನ್ಯಾರೋ ಹಾಕಿದ್ದು."

ಎಳೆದಳು. ಸಾಲು ಪೂರ್ತಿ ಬಿಚ್ಚಿ ಹೋಯಿತು.

"ಸಾಕು," ಅಂದಳು.

ಸಾಕು, ಸಾಕ್ಸು… ಬಾಯಿ ತನಕ ಬಂತು. ನುಂಗಿದೆ.

ಜುಲೈ 15

ಗೋಡೆ ಕಡೆ ತಿರುಗಿ ಮಲಗ್ತಾಳೆ. ಡಬಲ್ ಕ್ರೋಶಾದಲ್ಲಿ ಕಿಟಕಿಯಷ್ಟು ತೂತಿನ ಸಾಕ್ಸು ಹಾಕಿ ತೋರಿಸಿದೆ. ಅಡ್ಡಡ್ಡಲಾಗಿ ಸಾಲು ಹಾಕಿ, ಹಾಳೆಯ ಹಾಗೆ ಮಡಿಸಿ, ತಪ್ಪು ಅಂಚು ಹೊಲಿದದ್ದೂ ತೋರಿಸಿದೆ. ನೋಡಲಿಲ್ಲ. ಬೆರಳು ಆಡಲಿಲ್ಲ.

ಅಡುಗೆಮನೆಯಲ್ಲಿ ಮಗಳು: "ಬಿಟ್ಬಿಡಿ ಅಪ್ಪ. ಅವಳಿಗೂ ಹಿಂಸೆ, ನಿಮಗೂ ಹಿಂಸೆ."

"ಬಿಡಲ್ಲ."

"ಆಗಲ್ಲ ಅಂತ ಡಾಕ್ಟ್ರೇ ಹೇಳಿದ್ಮೇಲೆ…"

"ಅವರು ಅವಳ ಕೈ ನೋಡಿದ್ದು ಎಕ್ಸ್‌ರೇ ಹಿಡಿದ ಹಾಗೆ. ನಾನು ಆ ಕೈಯಿಂದ ಬೈಸಿಕೊಂಡಿದೀನಿ, ಬಡಿಸಿಕೊಂಡಿದೀನಿ. ಯಾರಿಗೆ ಜಾಸ್ತಿ ಗೊತ್ತು?"

ಮಗಳು ನಲ್ಲಿ ಜೋರಾಗಿ ಬಿಟ್ಟಳು. ಅಳುವುದು ಕೇಳಬಾರದು ಅಂತ. ಕೇಳಿಸಿತು.

ಸೋತೆ ಅಂತ ಮಾತ್ರ ಇಲ್ಲಿ ಬರೆಯಲ್ಲ. ಪೆನ್ನು ನನ್ನದು.

ಜುಲೈ 19

ತಮಾಷೆ ಸಾಕು ಅನ್ನಿಸಿ ನಿಜವಾದ ಒಂದು ಜೊತೆ ಮುಗಿಸಿದೆ. ನನಗೇ. ಮೇಲಿನ ಪಟ್ಟಿಯಿಂದ ಶುರು. ಹಿಮ್ಮಡಿ ಜಾಗದಲ್ಲಿ ಒಂದು ಬಾಯಿ ಬಿಟ್ಟು, ಬೆರಳ ತನಕ ಕೊಳವೆ ಹಾಗೆ ಇಳಿದು, ಕೊನೆಗೆ ಆ ಬಾಯಿಗೆ ಹಿಮ್ಮಡಿ ತುಂಬಿಸಿದೆ. ಒಂದೂ ತಪ್ಪಿಲ್ಲ. ಹೊಲಿಗೆ ಎಣಿಸಿ ಎಣಿಸಿ ಹಾಕಿದ್ದು. ಹೆಮ್ಮೆಯಿಂದ ಏರಿಸಿಕೊಂಡು ಮಂಚದ ಮುಂದೆ ಪರೇಡ್ ಮಾಡಿದೆ.

ಇವಳು ಕತ್ತು ತಿರುಗಿಸಿದಳು. ನೋಡಿದಳು. ನಕ್ಕಳು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ.

ಬಗ್ಗಿ ನೋಡಿಕೊಂಡೆ. ಒಂದು, ಕೂಸಿನ ಟೋಪಿಯಷ್ಟು. ಇನ್ನೊಂದು, ಕಾಫಿಪುಡಿ ಚೀಲ. ಅದೇ ದಾರ, ಅದೇ ಕಡ್ಡಿ, ಅದೇ ಎಣಿಕೆ!

"ಆ ಚಿಕ್ಕದು ಮಗಳ ಜೊತೆ ಜಗಳ ಆಡಿದ ದಿನ ಹಾಕಿದ್ದು. ಹಲ್ಲು ಕಚ್ಚಿ ಎಳೆದಿದೀರ. ದೊಡ್ಡದು ತೂಕಡಿಸ್ತಾ ಹಾಕಿದ್ದು. ಅಯ್ಯೋ ರೀ… ಇಷ್ಟು ದಿನ ಮಾಡಿದ ತಮಾಷೆಯಲ್ಲಿ ಇದು ಚೆನ್ನಾಗಿದೆ."

ತಮಾಷೆ ಅಲ್ಲ ಕಣೇ. ಅದನ್ನ ಇಲ್ಲಿ ಮಾತ್ರ ಬರೀತೀನಿ.

"ಇಷ್ಟು ದಿನದ್ದೆಲ್ಲ ಬೇಕಂತಲೇ ಅಂತ ಗೊತ್ತಿತ್ತಾ?"

"ಮುಮ್ಮಡಿ ಹಾಕೋಷ್ಟು ದಡ್ಡರಲ್ಲ ನೀವು. ಪೂರ್ತಿ ಬುದ್ಧಿವಂತರೂ ಅಲ್ಲ." ಮೂಗು ಒರೆಸಿಕೊಂಡು, ಏನೂ ಅಲ್ಲದ ಹಾಗೆ: "ಕಡ್ಡಿ ಎಲ್ಲಿಡ್ತೀರ ರಾತ್ರಿ ಹೊತ್ತು?"

"ಕೊಡೇಲಿ."

"ಇಲ್ಲೇ ಇಡಿ. ದಿಂಬಿನ ಪಕ್ಕ."

ಇಟ್ಟೆ. ಏನೂ ಕೇಳಲಿಲ್ಲ. ನಾನು! ಏನೂ ಕೇಳಲಿಲ್ಲ!

ಜುಲೈ 28, ಮಧ್ಯಾಹ್ನ

ಕೂತಲ್ಲೇ ಬರೀತಿದೀನಿ. ಏಳೋಕಾಗಲ್ಲ. ಕಾರಣ ಇದೆ.

ಊಟ ಆದ ಮೇಲೆ ಎಂದಿನಂತೆ ಕುರ್ಚಿಯಲ್ಲಿ ಒರಗಿ, ಇವಳ ಮಂಚದ ಅಂಚಿಗೆ ಎರಡೂ ಕಾಲು ಚಾಚಿ ನಿದ್ದೆ ಹೊಡೆದೆ. ಕಾಲಲ್ಲಿ ಅದೇ ಟೋಪಿ, ಅದೇ ಚೀಲ. ಎದ್ದು ಒಂದು ಹೆಜ್ಜೆ ಇಟ್ಟೆ… ಮುಗ್ಗರಿಸಿ ವಾಪಸ್ ಕುರ್ಚಿಗೇ ಬಿದ್ದೆ. ಬಲಗಾಲು ಹೋದ ಕಡೆ ಎಡಗಾಲು ಬರುತ್ತೆ.

ಎರಡೂ ಸಾಕ್ಸಿನ ಅಂಚು, ಒಳಗಡೆ, ಒಂದಕ್ಕೊಂದು ಹೆಣೆದಿದೆ. ಸಿಂಗಲ್ ಕ್ರೋಶಾ. ಊರಿಗೆಲ್ಲ ಕುಚೇಷ್ಟೆ ಮಾಡಿದ ನನ್ನ ಕಾಲನ್ನೇ ಎಳೆದಿದ್ದಾರೆ!

ಮಂಚದ ಮೇಲೆ ಇವಳು ಕಣ್ಣು ಮುಚ್ಚಿ ಮಲಗಿದ್ದಾಳೆ. ಸುಳ್ಳು ನಿದ್ದೆ. ರೆಪ್ಪೆ ಆಡ್ತಿದೆ. ದಿಂಬಿನ ಕೆಳಗಿಂದ ಕಡ್ಡಿಯ ತುದಿ ಇಣುಕ್ತಿದೆ.

ಎಡಗೈಯಲ್ಲಿ ಹಾಕಿರಬಹುದು. ಹಾಗಂದುಕೊಂಡೇ ಕನ್ನಡಕ ಹಾಕಿಕೊಂಡು ಬಗ್ಗಿದೆ. ಹೊಲಿಗೆ ನೆಟ್ಟಗಿಲ್ಲ. ಒಂದು ಬಿಗಿ, ಒಂದು ಸಡಿಲ, ನಡುವೆ ಒಂದು ಬಿಟ್ಟೇ ಹೋಗಿದೆ. ಆದರೆ ತಲೆಗಳು…

ಬಲಕ್ಕೆ. ಪ್ರತಿಯೊಂದೂ ಬಲಕ್ಕೆ ವಾಲಿವೆ.

ಕನ್ನಡಕ ತೆಗೆದು ಒರೆಸಿ ಇನ್ನೊಂದು ಸಲ ನೋಡಿದೆ. ಬಲಕ್ಕೆ.

ಮಗಳು ಮೆಟ್ಟಿಲು ಹತ್ತುವ ಸದ್ದು. ಬರಲಿ. ಕತ್ತರಿ ತರ್ತೀನಿ ಅಂದರೆ ಜಗಳವೇ. ಯಾರೂ ಇದನ್ನು ಬಿಚ್ಚೋ ಹಾಗಿಲ್ಲ. ನಾಳೆ ಡಾಕ್ಟರ ಕಾರಿಡಾರಿಗೆ ಹೀಗೇ ಹೋಗ್ತೀನಿ, ಕುಪ್ಪಳಿಸಿಕೊಂಡು. ಯಾಕೆ ಯಜಮಾನ್ರೇ ಅಂತ ಅವರು ಕೇಳಬೇಕು, ಆಗ ನಾನು ಪ್ಯಾಂಟು ಎತ್ತಿ—

"ರೀ. ಬರೆದದ್ದು ಸಾಕು. ಎದ್ದು ಒಂದು ಹೆಜ್ಜೆ ಇಡಿ ನೋಡೋಣ."

ಕಣ್ಣು ಇನ್ನೂ ಮುಚ್ಚೇ ಇದೆ. ಬಲಗೈ ಹೊದಿಕೆಯ ಹೊರಗಿದೆ.

ಇಡ್ತೀನಿ. ಇಗೋ, ಇಡ್—